ಒಬ್ಬರ ಕೈಲಿ ಆಗುವ ಕೆಲಸವಲ್ಲ

1965ರ ಫೆಬ್ರವರಿ 17. ಶೂಟಿಂಗ್‌ಗೆಂದು ಲಾಸ್ ಏಂಜಲಿಸ್‌ನಲ್ಲಿದ್ದ ನಟಿ ಪೆಟ್ರೀಷಿಯಾ ನೀಲ್ ಮನೆಯಲ್ಲೇ ಕುಸಿದರು. ವಯಸ್ಸು 39, ಹೊಟ್ಟೆಯಲ್ಲಿ ಮಗು. ಹಿಂದಿನ ವರ್ಷವಷ್ಟೇ 'ಹಡ್' ಚಿತ್ರಕ್ಕೆ ಆಸ್ಕರ್ ಬಂದಿತ್ತು. ಮೆದುಳಿನ ರಕ್ತನಾಳ ಒಡೆದು ಒಂದರ ಹಿಂದೊಂದು ಸ್ಟ್ರೋಕ್. ವಾರಗಟ್ಟಲೆ ಕೋಮಾ. ಎಚ್ಚರವಾದಾಗ ಬಲಭಾಗ ಸ್ವಾಧೀನದಲ್ಲಿರಲಿಲ್ಲ, ಮಾತೂ ಹೋಗಿತ್ತು.

ಅವರ ಗಂಡ ರೋಆಲ್ಡ್ ಡಾಲ್. 'ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ' ಬರೆದವರು, ನೀವೂ ಓದಿರ್ತೀರಿ. ಮೇ ತಿಂಗಳಲ್ಲಿ ಅವರು ಹೆಂಡತಿಯನ್ನು ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಎಂಬ ಹಳ್ಳಿಯ ಮನೆಗೆ ಕರೆತಂದರು. ಆಗಸ್ಟಿನಲ್ಲಿ ಆರೋಗ್ಯವಂತ ಹೆಣ್ಣುಮಗು ಹುಟ್ಟಿತು.

ಆಸ್ಪತ್ರೆಯಲ್ಲಿ ಸಿಗುವ ಅಷ್ಟಿಷ್ಟು ಥೆರಪಿ ಸಾಲದು ಅನ್ನುವುದು ಡಾಲ್ ವಾದ. ಅಕ್ಕಪಕ್ಕದವರನ್ನು, ಸ್ನೇಹಿತರನ್ನು ಸೇರಿಸಿ ಪಾಳಿ ಹಾಕಿದರು. ಒಬ್ಬರು ಬಂದು ಓದಿಸೋರು, ಇನ್ನೊಬ್ಬರು ಲೆಕ್ಕ ಮಾಡಿಸೋರು, ಮತ್ತೊಬ್ಬರು ಆಟ ಆಡಿಸೋರು. ಹೀಗೆ ದಿನಕ್ಕೆ ಹಲವು ಗಂಟೆ. ಅವರಲ್ಲಿ ಬಹುಪಾಲು ಜನರಿಗೆ ಯಾವ ತರಬೇತಿಯೂ ಇರಲಿಲ್ಲ.

ಈ ಕತೆಯನ್ನು ಸಾಮಾನ್ಯವಾಗಿ 'ಗಂಡನ ಪ್ರೀತಿ ಗೆದ್ದಿತು' ಅಂತ ಹೇಳ್ತಾರೆ. ನನಗೆ ಅದು ಅರ್ಧ ಕತೆ ಅನಿಸುತ್ತೆ. ಡಾಲ್ ಪಟ್ಟು ಹಿಡಿದ ರೀತಿ ನೀಲ್‌ಗೆ ಎಷ್ಟೋ ಸಲ ಕ್ರೂರ ಅನಿಸಿತ್ತು. ಅದೇ ಪಟ್ಟಿನಿಂದ ತಾನು ಎದ್ದೆ ಅಂತಲೂ ಅವರು ಆಮೇಲೆ ಒಪ್ಪಿಕೊಂಡರು. 1983ರಲ್ಲಿ ಮದುವೆ ಮುರಿಯಿತು. ಒಂದೇ ಮನುಷ್ಯ ಗಂಡನೂ ಮೇಷ್ಟ್ರೂ ಕಾವಲುಗಾರನೂ ಆಗಬೇಕಾಗಿ ಬಂದಾಗ ಮೊದಲು ಸವೆಯೋದು ಸಂಬಂಧ.

ಆ ಪಾಳಿಯಲ್ಲಿ ವ್ಯಾಲರಿ ಈಟನ್ ಗ್ರಿಫಿತ್ ಎಂಬ ನೆರೆಯಾಕೆ ಇದ್ದರು. ಆಕೆ ತಾಳ್ಮೆಯಿಂದ ಪಾಠ ಮಾಡಿದರು. ಭಾಷಣ ಮಾಡಲೇಬೇಕೆಂದು ಡಾಲ್ ಒತ್ತಾಯಿಸಿದಾಗ ಅದರ ಅಭ್ಯಾಸವನ್ನೂ ಮಾಡಿಸಿದರು. 1967ರಲ್ಲಿ ನೀಲ್ ನ್ಯೂಯಾರ್ಕಿನ ವೇದಿಕೆಯಲ್ಲಿ ನಿಂತು ಮಾತಾಡಿದರು. 1968ರ 'ದ ಸಬ್ಜೆಕ್ಟ್ ವಾಸ್ ರೋಸಸ್' ಚಿತ್ರಕ್ಕೆ ಮತ್ತೆ ಆಸ್ಕರ್ ನಾಮನಿರ್ದೇಶನ ಬಂತು. ಗ್ರಿಫಿತ್ ತಮ್ಮ ಅನುಭವವನ್ನು 1970ರಲ್ಲಿ ಪುಸ್ತಕ ಮಾಡಿದರು. 1973ರಲ್ಲಿ ಅದೇ ಮಾದರಿಯಲ್ಲಿ ಬ್ರಿಟನ್ನಿನಲ್ಲಿ ಸ್ವಯಂಸೇವಕರ ಯೋಜನೆಯೊಂದು ಶುರುವಾಯಿತು. ಮನೆಯವರಿಗೆ ಉಸಿರಾಡಲು ಬಿಡುವು ಸಿಗುವುದೂ ಅದರ ಒಂದು ಲಾಭ.

ನಮ್ಮಲ್ಲಿ? ಲಕ್ವ ಹೊಡೆದವರು ಡಿಸ್ಚಾರ್ಜ್ ಆಗುವ ದಿನ 'ಎಕ್ಸರ್ಸೈಜ್ ಮಾಡಿಸಿ' ಅನ್ನೋ ಮಾತು ಸೊಸೆಗೋ ಹೆಂಡತಿಗೋ ಬೀಳುತ್ತೆ, ಅಷ್ಟೇ. ಥೆರಪಿಸ್ಟ್‌ಗಳು ಕಡಿಮೆ ಇರುವ ದೇಶದಲ್ಲಿ ಮನೆಯವರಿಗೇ ಕಲಿಸಿದರೆ ಹೇಗೆ? ಇದನ್ನು ಭಾರತದ 14 ಆಸ್ಪತ್ರೆಗಳಲ್ಲಿ, 1250 ರೋಗಿಗಳ ಮೇಲೆ ಪರೀಕ್ಷಿಸಿದರು. ಅದರ ಹೆಸರು 'ಅಟೆಂಡ್'. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಎರಡೂ ಗುಂಪಿನಲ್ಲಿ ಶೇ. 47. ಮನೆಯವರಿಗೆ ಕೊಟ್ಟ ತರಬೇತಿಯಿಂದ ವ್ಯತ್ಯಾಸ ಆಗಲಿಲ್ಲ.

ಇದರರ್ಥ ಮನೆಯವರು ಬೇಡ ಅಂತಲ್ಲ. ಊಟ ಮಾಡಿಸೋದು, ಎಬ್ಬಿಸಿ ಕೂರಿಸೋದು, ಮಾತ್ರೆ ನೆನಪಿಡೋದು ಅವರೇ. ಆದರೆ ಸರಿಯಾದ ಥೆರಪಿ ಸೇವೆ ಇಲ್ಲದ ಜಾಗವನ್ನು ಪ್ರೀತಿಯೊಂದರಿಂದಲೇ ತುಂಬಿಸಿಬಿಡ್ತೀವಿ ಅನ್ನೋದು ಅವರ ಮೇಲೆ ಹೇರುವ ಹೊರೆ ಅಂತ ನಾನು ಓದಿಕೊಳ್ತೀನಿ.

ಹಾಗಾಗಿ ಬೆಂಗಳೂರಿನಲ್ಲಿ ಕೂತು ಊರಿನ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ 'ಅಪ್ಪನ್ನ ನಡೆಸಿದ್ರಾ?' ಅಂತ ಕೇಳೋ ನಮ್ಮಂಥವರು ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಇವತ್ತಿನ ಪಾಳಿ ಯಾರದು?