ಸೋಂಕಿನ ಕಾಲದ ಸೂರು: ಬಾಡಿಗೆಯವರನ್ನು ಬಿಟ್ಟ ಲೆಕ್ಕ

ಮನೆಗೂ ಆರೋಗ್ಯಕ್ಕೂ ನಂಟಿದೆ ಎಂಬುದನ್ನು ಕೊರೊನಾ ಕಲಿಸಿತು ಎಂದು ಈಚಿನ ವಿಚಾರ ಸಂಕಿರಣಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ವಸತಿ ಹೋರಾಟದಲ್ಲೇ ತಲೆ ನರೆತವರಿಗೆ ಇದು ಸೋಜಿಗ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗಲೇ ಗಾಳಿ-ಬೆಳಕಿಲ್ಲದ ಓಣಿಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿತ್ತು. ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೆಳೆದದ್ದು ಆ ಭಯದಲ್ಲಿ. ಅದೇ ವರ್ಷ ಮುಂಬಯಿಯಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಡವರ ಚಾಳುಗಳನ್ನು ಕೆಡವುವುದರಲ್ಲಿ ತೋರಿದ ಉಮೇದನ್ನು ಕಟ್ಟುವುದರಲ್ಲಿ ತೋರಲಿಲ್ಲ. ಇಂಥ ಕೆಡವುವಿಕೆ ಬೇಡ, ಇರುವ ಓಣಿಯನ್ನೇ ತಿದ್ದಿ ಎಂದು ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಮುಂದೆ ವಾದಿಸಿದರು, ಕೇಳಿದವರು ಕಡಿಮೆ. ಬಳ್ಳಾರಿ 1953ರವರೆಗೂ ಮದ್ರಾಸಿಗೆ ಸೇರಿದ್ದರಿಂದ ಮೈಸೂರು ಸಂಸ್ಥಾನದ ಬಡಾವಣೆಗಳ ಈ ಕಥೆಯಲ್ಲಿ ನಮ್ಮ ಸೀಮೆಗೆ ಜಾಗವೇ ಸಿಗಲಿಲ್ಲ.

ಆಮೇಲಿನದು ಕಾಯ್ದೆ, ಮಂಡಳಿಗಳ ಕಾಲ. 1962ರಲ್ಲಿ ಗೃಹ ಮಂಡಳಿಯ ಕಾಯ್ದೆ, 1973ರಲ್ಲಿ ಕೊಳಚೆ ಪ್ರದೇಶಗಳ ಕಾಯ್ದೆ, ತೊಂಬತ್ತರ ದಶಕದಲ್ಲಿ ಆಶ್ರಯ ಮನೆಗಳು, 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ. ನಮ್ಮ ತಲೆಮಾರಿಗೆ ನಾಲಿಗೆ ಕೊಟ್ಟದ್ದು ಸುಪ್ರೀಂ ಕೋರ್ಟಿನ 1985ರ ಓಲ್ಗಾ ಟೆಲಿಸ್ ತೀರ್ಪು: ಬದುಕುವ ಹಕ್ಕಿನೊಳಗೆ ದುಡಿಮೆಯ ಹಕ್ಕೂ ಸೇರಿದೆ, ಪಾದಚಾರಿ ಮಾರ್ಗದ ಗುಡಿಸಲನ್ನು ಕಿತ್ತರೆ ಹೊಟ್ಟೆಯ ಮೇಲೂ ಹೊಡೆದಂತೆ. (ನೋಟಿಸು ಕೊಟ್ಟು ಎಬ್ಬಿಸಬಹುದು ಎಂದೂ ಆ ತೀರ್ಪು ಹೇಳಿತ್ತು. ಭಾಷಣಗಳಲ್ಲಿ ಈ ಭಾಗ ಕೇಳಿಸುವುದಿಲ್ಲ.) ಆ ಬಲದಿಂದಲೇ ಸ್ಲಂ ಜನಾಂದೋಲನದಂಥ ಸಂಘಟನೆಗಳು ಹಕ್ಕುಪತ್ರವನ್ನು ಘೋಷಣೆಯಾಗಿಸಿದವು. ಈಜಿಪುರದ ಬಡವರನ್ನು 2013ರ ಜನವರಿಯಲ್ಲಿ ಬೀದಿಗೆ ಹಾಕಿದಾಗ ಬೆಂಗಳೂರಿನಲ್ಲಿ ಎದ್ದ ದನಿಯ ಹಿಂದೆ ಇದ್ದದ್ದು ಈ ಪರಂಪರೆ.

2020ರ ಮಾತು ಬೇರೆ; ಆಗ ಬೀದಿಗೆ ಬಿದ್ದವರು ಹಕ್ಕುಪತ್ರ ಕೇಳುವ ನೆಲೆಯಿಲ್ಲದ ಶೆಡ್ಡು-ಖೋಲಿಗಳ ಜನ. ಸೋಂಕು ಬರುವ ಮೊದಲೇ, ಜನವರಿಯಲ್ಲಿ, ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ಕೆಡವಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು ಪುನರ್ವಸತಿಯ ಹೊಣೆಯನ್ನು ನೆನಪಿಸಿತು. ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಬಂತು. ಕಾಚರಕನಹಳ್ಳಿಯಲ್ಲಿ, ಊರಿಗೆ ಹೋಗಿದ್ದ ಕೂಲಿಗಳ ಗುಡಿಸಲುಗಳು ಅವರು ಇಲ್ಲದಾಗ ಸುಟ್ಟುಹೋದವು. ಅದೂ ಹೈಕೋರ್ಟಿನ ಮುಂದೆ ಬಂತು. ‘ಮನೆಯಲ್ಲೇ ಇರಿ’ ಎಂಬ ಆದೇಶ ಯಾರನ್ನು ಉದ್ದೇಶಿಸಿತ್ತು?

ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಕಾರ್ಮಿಕರಿಂದ 1 ತಿಂಗಳ ಬಾಡಿಗೆ ಕೇಳಬಾರದು, ಮನೆ ಬಿಡಿಸಬಾರದು ಎಂದು ಆಜ್ಞೆ ಹೊರಡಿಸಿತು. ಬಾಡಿಗೆಯವನ ಪರವಾಗಿ ಇಷ್ಟು ನೇರವಾದ ಮಾತನ್ನು ಸರ್ಕಾರದ ಕಾಗದದಲ್ಲಿ ನಾವು ಹೆಚ್ಚು ಕಂಡಿರಲಿಲ್ಲ. ಆದರೆ ಕರಾರುಪತ್ರವಿಲ್ಲದೆ ಬಾಯಿಮಾತಿನ ಮೇಲೆ ಖೋಲಿ ಹಿಡಿದವನು ಆ ಕಾಗದವನ್ನು ಯಾರಿಗೆ ತೋರಿಸಬೇಕಿತ್ತು? ಜುಲೈನಲ್ಲಿ ಕೇಂದ್ರ ಸಂಪುಟ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವ ವಿಚಾರ ಒಳ್ಳೆಯದೇ. ಆದರೆ ಊರಾಚೆಯ ಖಾಲಿ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ಖರ್ಚನ್ನು ಯೋಜನೆ ಬರೆಯುವವರು ಯಾವಾಗ ಲೆಕ್ಕ ಹಾಕಿದ್ದಾರೆ?

ನಮ್ಮ ಬಳ್ಳಾರಿಗೆ ಬನ್ನಿ. ಹಲಕುಂದಿಯ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳು, ಪೇಟೆಯೊಳಗೆ ಜೀನ್ಸ್ ಹೊಲಿಗೆ, ತೋರಣಗಲ್ಲಿನಲ್ಲಿ ಉಕ್ಕು. 2020ರ ಜೂನಿನಲ್ಲಿ ಸೋಂಕು ದೊಡ್ಡದಾಗಿ ಸುದ್ದಿಯಾದದ್ದು ತೋರಣಗಲ್ಲಿನಿಂದಲೇ. ಆಗ ಚರ್ಚೆ ಕಾರ್ಖಾನೆ ಮುಚ್ಚಬೇಕೇ ಬೇಡವೇ ಎಂಬುದರ ಸುತ್ತಲೇ ತಿರುಗಿತು. ಗುತ್ತಿಗೆ ಕಾರ್ಮಿಕರು ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗುವುದು ಯಾರ ಮಾತಿಗೂ ಬರಲಿಲ್ಲ. ಸಿರುಗುಪ್ಪ, ಕುರುಗೋಡಿನ ಕಡೆಯಿಂದ ಗುಳೆ ಹೋದವರು ಬೆಂಗಳೂರಿನ ಶೆಡ್ಡಿನಲ್ಲಿ, ಹೊರಗಿನಿಂದ ಬಂದವರು ನಮ್ಮ ಶೆಡ್ಡಿನಲ್ಲಿ. ಗ್ರಾಮಸಭೆಯ ಫಲಾನುಭವಿ ಪಟ್ಟಿ ಊರಿನವರದ್ದು. ಶೆಡ್ಡಿನವರ ಹೆಸರು ಅದರಲ್ಲಿ ಬರುವುದಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಕೆಲಸದ ಜಾಗದಲ್ಲಿ ತಾತ್ಕಾಲಿಕ ವಸತಿಯನ್ನು ಪುಕ್ಕಟೆ ಕೊಡಬೇಕೆಂದು ಮಾಲೀಕನಿಗೆ ಹೇಳಿತ್ತು. ಆ ವಸತಿಗೆ ಕಿಟಕಿ ಇದೆಯೇ ಎಂದು ನೋಡುವ ಇನ್‌ಸ್ಪೆಕ್ಟರು ಮಾತ್ರ ಕಣ್ಣಿಗೆ ಬೀಳುವುದು ಅಪರೂಪ. ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಇವತ್ತಿಗೂ ಮೊದಲ ಸಾಲು ಹಕ್ಕುಪತ್ರ, ಎರಡನೆಯದು ನಿವೇಶನ. ಶೆಡ್ಡಿನ ತಪಾಸಣೆ, ಬಾಡಿಗೆಯ ಮಿತಿ, ಮನೆ ಬಿಡಿಸುವ ಮೊದಲು ಕೊಡಬೇಕಾದ ಅವಧಿ, ಇವು ಕೊನೆಯ ಪುಟದ ‘ಇತರೆ’ಯಲ್ಲಿವೆ.