ಮೂರಾಣೆಯೋ, ಹದಿನೈದಾಣೆಯೋ? ಲೋಕಸಭೆಯಲ್ಲಿ ನಡೆದ ಒಂದು ಲೆಕ್ಕದ ಜಗಳ

ಯಾವುದಾದರೂ ಮಾತು ಪೂರ್ತಿ ನಿಜ ಅನ್ನೋಕೆ ನಮ್ಮ ಹಿರಿಯರು "ಹದಿನಾರಾಣೆ ಸತ್ಯ" ಅಂತಾರಲ್ಲ, ಕೇಳಿರ್ತೀರಿ. ಯಾಕೆ 16? ಹಳೇ ಲೆಕ್ಕದಲ್ಲಿ ಒಂದು ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಅಂತ ಸರ್ಕಾರ ಬದಲಾಯಿಸ್ತು. ಆದರೆ ಜನರ ಬಾಯಿಂದ ಆಣೆ ಅಷ್ಟು ಬೇಗ ಹೋಗಲಿಲ್ಲ. 1963ರಲ್ಲಿ ಲೋಕಸಭೆಯೇ ಆಣೆ ಲೆಕ್ಕದಲ್ಲಿ ಜಗಳ ಆಡಿತು. ಇವತ್ತಿನ ಎಪಿಸೋಡ್ ಆ ಜಗಳದ ಬಗ್ಗೆ.

ಮೊದಲು ಆವತ್ತಿನ ಪರಿಸ್ಥಿತಿ ನೋಡೋಣ. 1962ರ ಕೊನೆಯಲ್ಲಿ ಚೀನಾ ಜೊತೆಗಿನ ಯುದ್ಧದಲ್ಲಿ ಭಾರತ ಸೋತಿತ್ತು. ರಕ್ಷಣಾ ಖರ್ಚು ಏರಿತ್ತು, ತೆರಿಗೆ ಹೆಚ್ಚಾಗಿತ್ತು. 1963ರ ಉಪಚುನಾವಣೆಗಳಲ್ಲಿ ವಿರೋಧ ಪಕ್ಷದ ಮೂವರು ದೊಡ್ಡ ಆಸಾಮಿಗಳು ಗೆದ್ದು ಬಂದರು: ಆಚಾರ್ಯ ಕೃಪಲಾನಿ, ಮಿನೂ ಮಸಾನಿ, ರಾಮಮನೋಹರ ಲೋಹಿಯಾ. ಆಗಸ್ಟ್‌ನಲ್ಲಿ ಕೃಪಲಾನಿ ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದರು. ಸ್ವತಂತ್ರ ಭಾರತದ ಲೋಕಸಭೆಯಲ್ಲಿ ಚರ್ಚೆಗೆ ಬಂದ ಮೊದಲ ಅವಿಶ್ವಾಸ ನಿರ್ಣಯ ಅದು. ನಾಲ್ಕು ದಿನ, 20 ಗಂಟೆಗೂ ಹೆಚ್ಚು ಚರ್ಚೆ ನಡೀತು. ಕೊನೆಗೆ ಪರವಾಗಿ 62 ಮತ, ವಿರುದ್ಧವಾಗಿ 347. ಸರ್ಕಾರಕ್ಕೆ ಏನೂ ಆಗಲಿಲ್ಲ. ಹೀಗಾಗುತ್ತೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಹಾಗಾದರೆ ಅದನ್ನ ಇವತ್ತು ಯಾಕೆ ನೆನಪಿಸಿಕೊಳ್ಳಬೇಕು? ಆ ಚರ್ಚೆಯಲ್ಲಿ ಲೋಹಿಯಾ ಎತ್ತಿದ ಒಂದು ಪ್ರಶ್ನೆಗೋಸ್ಕರ.

ಕರ್ನಾಟಕದಲ್ಲಿ ಲೋಹಿಯಾ ಅಂದರೆ ತಕ್ಷಣ ನೆನಪಾಗೋದು ಸಾಗರ ತಾಲ್ಲೂಕಿನ ಕಾಗೋಡು. 1951ರ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಇಲ್ಲೇ ಬಂಧನಕ್ಕೊಳಗಾದವರು ಅವರು. ಆದರೆ ಅವರು ಲೆಕ್ಕದ ಮನುಷ್ಯ ಕೂಡ ಆಗಿದ್ದರು ಅನ್ನೋದು ಅಷ್ಟಾಗಿ ಚರ್ಚೆಗೆ ಬರಲ್ಲ. ಬರ್ಲಿನ್‌ನಲ್ಲಿ ಅವರು ಪಿಎಚ್‌ಡಿ ಮಾಡಿದ್ದು ಭಾರತದ ಉಪ್ಪಿನ ತೆರಿಗೆ ಮೇಲೆ. ಬಡವನ ಗಂಜಿಯಿಂದ ಸರ್ಕಾರ ಎಷ್ಟು ಕಾಸು ಎತ್ತುತ್ತೆ ಅನ್ನೋದೇ ಅವರ ಓದಿನ ವಿಷಯ.

ಅಂಥವರು ಲೋಕಸಭೆಯಲ್ಲಿ ನಿಂತು ಹೇಳಿದ್ದು ಇಷ್ಟು: ಈ ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇಟ್ಟರು. ಪ್ರಧಾನಿಯವರ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಅನ್ನೋ ಆರೋಪ. ಮೂರಾಣೆ ಅಂದರೆ ಹೊಸ ಲೆಕ್ಕದಲ್ಲಿ ಸುಮಾರು 19 ಪೈಸೆ.

ನೆಹರೂ ಒಪ್ಪಲಿಲ್ಲ. ಪ್ರಧಾನಿ ಆಗಿದ್ದ ಅವರೇ ಯೋಜನಾ ಆಯೋಗದ ಅಧ್ಯಕ್ಷರು. ದಿನದ ಆದಾಯ 3 ಆಣೆ ಅಲ್ಲ, 15 ಆಣೆ ಅನ್ನೋದು ಅವರ ಉತ್ತರ.

ಒಬ್ಬರದ್ದು 3, ಒಬ್ಬರದ್ದು 15. ಐದು ಪಟ್ಟು ವ್ಯತ್ಯಾಸ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆ ಅಂತ ಅನ್ನಿಸುತ್ತೆ ಅಲ್ವಾ? ಇಲ್ಲೇ ಸ್ವಲ್ಪ ನಿಲ್ಲಿ. ಇಬ್ಬರೂ ಮಾತಾಡ್ತಿದ್ದದ್ದು ಒಂದೇ ಜನರ ಬಗ್ಗೆ ಅಲ್ಲ.

ಒಂದು ಉದಾಹರಣೆ ತಗೊಳ್ಳಿ. ಬೆಂಗಳೂರಿನ ಒಂದು ಪಿಜಿಯಲ್ಲಿ ಐದು ಜನ ಇದ್ದಾರೆ. ನಾಲ್ಕು ಜನರಿಗೆ ತಿಂಗಳಿಗೆ 15 ಸಾವಿರ ಸಂಬಳ. ಐದನೆಯವನಿಗೆ 1 ಲಕ್ಷ 40 ಸಾವಿರ. ಸರಾಸರಿ ಎಷ್ಟು? 40 ಸಾವಿರ. "ನಿಮ್ಮ ಸರಾಸರಿ ಸಂಬಳ 40 ಸಾವಿರ ಇದೆ, ತಲಾ 12 ಸಾವಿರ ಬಾಡಿಗೆ ಕೊಡಿ" ಅಂತ ಓನರ್ ಬಂದು ನಿಂತರೆ? ಲೆಕ್ಕ ತಪ್ಪಿಲ್ಲ. ಆದರೆ ಆ ನಾಲ್ಕು ಜನ ತಿಂಗಳಿಡೀ 3 ಸಾವಿರದಲ್ಲಿ ಊಟ, ಬಸ್ಸು, ರೀಚಾರ್ಜ್ ಎಲ್ಲ ನೋಡ್ಕೋಬೇಕು.

ನೆಹರೂ ಹೇಳಿದ 15 ಆಣೆ ಈ ಥರದ ಸರಾಸರಿ. ಗಿರಣಿ ಮಾಲೀಕ, ಜಮೀನ್ದಾರ, ಕೂಲಿಯವನು, ಎಲ್ಲರ ಆದಾಯ ಕೂಡಿಸಿ ತಲೆಗೆ ಹಂಚಿದ್ದು. ಲೋಹಿಯಾ ಕೇಳ್ತಿದ್ದದ್ದು ಕೆಳಗಿನ 27 ಕೋಟಿ ಜನರ ಬಗ್ಗೆ ಮಾತ್ರ. 1961ರ ಜನಗಣತಿ ಪ್ರಕಾರ ದೇಶದ ಜನಸಂಖ್ಯೆ ಸುಮಾರು 44 ಕೋಟಿ. ಅಂದರೆ 100ಕ್ಕೆ 60ರಷ್ಟು ಜನ. ಮೇಲಿನ 40ನ್ನ ಪಕ್ಕಕ್ಕಿಟ್ಟು ಉಳಿದವರ ಲೆಕ್ಕ ಹೇಳಿ ಅನ್ನೋದು ಅವರ ಬೇಡಿಕೆ.

ಈ ಜಗಳ ಅವಿಶ್ವಾಸ ನಿರ್ಣಯದ ಜೊತೆ ಮುಗೀಲಿಲ್ಲ. ಸೆಪ್ಟೆಂಬರ್‌ನಲ್ಲಿ ಇದೇ ವಿಷಯದ ಮೇಲೆ ಲೋಕಸಭೆಯಲ್ಲಿ ಪ್ರತ್ಯೇಕ ಚರ್ಚೆ ಆಯ್ತು. ಸರ್ಕಾರದ ಪರವಾಗಿ ಗುಲ್ಜಾರಿಲಾಲ್ ನಂದಾ ಅಂಕಿಅಂಶ ಮುಂದಿಟ್ಟರು. ಕೆಳಗಿನ 60 ಪರ್ಸೆಂಟ್ ಜನಕ್ಕೆ ದಿನಕ್ಕೆ 3 ಆಣೆ ಅನ್ನೋದು ತಪ್ಪು, ಅದು ಏಳೂವರೆ ಆಣೆ ಅಂದರು.

ಇಲ್ಲಿ ಏನಾಯ್ತು ಗಮನಿಸಿ. ಲೋಹಿಯಾ ಹೇಳಿದ ಮೂರಾಣೆಯನ್ನ ಸರ್ಕಾರ ಒಪ್ಪಲಿಲ್ಲ, ನಿಜ. ಆದರೆ ಅದನ್ನ ತಳ್ಳಿಹಾಕೋಕೆ ಹೋಗಿ, 15 ಇದ್ದದ್ದು ಏಳೂವರೆಗೆ ಇಳೀತು. ಪ್ರಧಾನಿ ಹೇಳಿದ್ದರ ಸರಿಯಾಗಿ ಅರ್ಧ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 1962ರಲ್ಲಿ ಯೋಜನಾ ಆಯೋಗದ ಒಂದು ತಜ್ಞರ ಗುಂಪು, ಒಬ್ಬ ವ್ಯಕ್ತಿ ಬದುಕೋಕೆ ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕು ಅಂತ ಹೇಳಿತ್ತು. ಅದೂ ಶಿಕ್ಷಣ, ಆರೋಗ್ಯದ ಖರ್ಚು ಬಿಟ್ಟು. ದಿನಕ್ಕೆ ಭಾಗಿಸಿ ನೋಡಿ: ಹತ್ತೂವರೆ ಆಣೆಗಿಂತ ಸ್ವಲ್ಪ ಹೆಚ್ಚು. ನಂದಾ ಅವರ ಏಳೂವರೆ ಆಣೆಯನ್ನ 30 ದಿನಕ್ಕೆ ಗುಣಿಸಿದರೆ ಬರೋದು ಸುಮಾರು 14 ರೂಪಾಯಿ. ಲೋಹಿಯಾ ಅಂಕಿಯನ್ನ ಪೂರ್ತಿ ಪಕ್ಕಕ್ಕಿಟ್ಟು ಸರ್ಕಾರದ ಎರಡು ಅಂಕಿಗಳನ್ನಷ್ಟೇ ಹಿಡಿದುಕೊಂಡರೂ, ದೇಶದ ಅರ್ಧಕ್ಕಿಂತ ಹೆಚ್ಚು ಜನರ ಸರಾಸರಿ ಸರ್ಕಾರವೇ ಎಳೆದ ಗೆರೆಯ ಕೆಳಗಿತ್ತು.

ಹಾಗಂತ ನೆಹರೂ ಅವರನ್ನ ವಿಲನ್ ಮಾಡೋದು ಸುಲಭ, ಆದರೆ ನ್ಯಾಯ ಅಲ್ಲ. ದೇಶದಲ್ಲಿ ಹೆಚ್ಚಾದ ಆದಾಯ ಯಾರ ಕೈಗೆ ಹೋಯ್ತು ಅಂತ ನೋಡೋಕೆ 1960ರಲ್ಲೇ ಪಿ.ಸಿ. ಮಹಾಲನೋಬಿಸ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದು ಅವರದ್ದೇ ಸರ್ಕಾರ. ಆರ್ಥಿಕ ಶಕ್ತಿ ಕೆಲವೇ ಕೈಗಳಲ್ಲಿ ಕೂಡಿಕೊಂಡಿದೆ ಅನ್ನೋದನ್ನ 1964ರ ವರದಿಯಲ್ಲಿ ಆ ಸಮಿತಿಯೇ ಗುರುತಿಸಿತು. 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚಿಸಿದ್ದು, 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರು ಮಾಡಿದ್ದು ಕೂಡ ಅವರ ಕಾಲದಲ್ಲೇ. ಆ ಆದಾಯ ಸಮಿತಿಯಲ್ಲಿದ್ದ ಮೂವರಲ್ಲಿ ಒಬ್ಬರು ವಿ.ಕೆ.ಆರ್.ವಿ. ರಾವ್. ಆಮೇಲೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದವರು ಅವರೇ.

ನನ್ನ ಪ್ರಕಾರ ಈ ಕಥೆಯ ಮುಖ್ಯ ಅಂಶ ಇದು. ಲೋಹಿಯಾಗೆ ಪ್ರಶ್ನೆ ಕೇಳೋಕೆ, ನಂದಾಗೆ ಉತ್ತರ ಕೊಡೋಕೆ, ನಮಗೆ ಇವತ್ತು ಇಬ್ಬರನ್ನೂ ತಾಳೆ ನೋಡೋಕೆ ಸಾಧ್ಯವಾಗಿದ್ದು ಯಾರೋ ಹಳ್ಳಿಹಳ್ಳಿಗೆ ಹೋಗಿ, ಮನೆ ಬಾಗಿಲು ತಟ್ಟಿ, "ಈ ತಿಂಗಳು ಅಕ್ಕಿಗೆ ಎಷ್ಟು ಖರ್ಚಾಯ್ತು?" ಅಂತ ಕೇಳಿ ಬರೆದುಕೊಂಡಿದ್ದರಿಂದ. ಅಂಕಿ ಇದ್ದರೆ ಜಗಳ ಆಡಬಹುದು. ಅಂಕಿಯೇ ಇಲ್ಲದಿದ್ದರೆ?

ಅದಕ್ಕೂ ಉದಾಹರಣೆ ಇದೆ. 2017-18ರಲ್ಲಿ ನಡೆದ ಕುಟುಂಬಗಳ ಖರ್ಚಿನ ಸಮೀಕ್ಷೆಯನ್ನ, ಗುಣಮಟ್ಟ ಸರಿಯಿಲ್ಲ ಅನ್ನೋ ಕಾರಣ ಕೊಟ್ಟು, ಬಿಡುಗಡೆ ಮಾಡಲ್ಲ ಅಂತ ಸರ್ಕಾರ 2019ರ ನವೆಂಬರ್‌ನಲ್ಲಿ ಹೇಳಿತು. ಹಾಗಾಗಿ 2011-12 ಆದಮೇಲೆ ನಮಗೆ ಸಿಕ್ಕ ಮುಂದಿನ ಅಂಕಿಅಂಶ 2022-23ರದ್ದು. ನಡುವೆ ನೋಟು ರದ್ದತಿ, ಜಿಎಸ್‌ಟಿ, ಕೋವಿಡ್, ಎಲ್ಲ ಬಂದು ಹೋದವು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ.

2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಸದನದಲ್ಲಿ ಸಚಿವರು ಎದ್ದು ಬಾಯಿಮಾತಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ಇರಲಿಲ್ಲ. ಲಿಖಿತ ಉತ್ತರದ, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಷ್ಟೇ ಉಳಿದವು. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರು ಎಷ್ಟು ಜನ ಸತ್ತರು, ಅವರ ಕುಟುಂಬಕ್ಕೆ ಪರಿಹಾರ ಕೊಟ್ಟಿದ್ದೀರಾ ಅಂತ ಸಂಸದರು ಹಾಗೊಂದು ಪ್ರಶ್ನೆ ಕೇಳಿದರು. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ಅಂಕಿಅಂಶ ಇಟ್ಟಿಲ್ಲ. ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.

1963ರಲ್ಲಿ ಸಚಿವರು ಮೂರಾಣೆ ಅಲ್ಲ, ಏಳೂವರೆ ಆಣೆ ಅಂದಿದ್ದರು. ಆ ಏಳೂವರೆಯನ್ನ ಹಿಡಿದು ಮತ್ತೆ ಪ್ರಶ್ನೆ ಕೇಳಬಹುದಿತ್ತು, ಬೀದೀಲಿ ಪೋಸ್ಟರ್ ಅಂಟಿಸಬಹುದಿತ್ತು, 60 ವರ್ಷ ಆದಮೇಲೆ ಪಾಡ್‌ಕಾಸ್ಟ್ ಮಾಡಬಹುದಿತ್ತು. "ಅಂಕಿಅಂಶ ಇಲ್ಲ" ಅನ್ನೋ ಉತ್ತರವನ್ನ ಹಿಡಿಯೋಕೆ ಎಲ್ಲಿ ಹಿಡಿ ಇದೆ?

ಸಂಸತ್ತಿನ ಪ್ರಶ್ನೆ ಮತ್ತು ಉತ್ತರಗಳು ಅದರ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ನಿಮ್ಮ ಕ್ಷೇತ್ರದ ಸಂಸದರು ಈ ವರ್ಷ ಏನು ಕೇಳಿದ್ದಾರೆ ಅಂತ ಒಮ್ಮೆ ಹುಡುಕಿ ನೋಡಿ, ಐದು ನಿಮಿಷದ ಕೆಲಸ. ತಲಾ ಆದಾಯ ಇಷ್ಟಾಯ್ತು ಅನ್ನೋ ಸುದ್ದಿ ಮುಂದಿನ ಸಲ ಫೋನಿಗೆ ಬಂದಾಗ, ಫಾರ್ವರ್ಡ್ ಮಾಡೋ ಮುಂಚೆ ಲೋಹಿಯಾ ಕೇಳಿದ್ದನ್ನೇ ಕೇಳಿ: ಮೇಲಿನ 40 ಜನರನ್ನ ಬಿಟ್ಟು, ಉಳಿದ 60 ಜನರ ಲೆಕ್ಕ ಎಷ್ಟು?

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.