ಪಡಸಾಲೆಗೆ ಬಂದ ಚಿತ್ರ

ಸುಲೇಪೇಟದಂಥ ಊರಿನಲ್ಲಿ ಮನೆಯೊಳಗೆ ಕುಳಿತು ಸಿನಿಮಾ ನೋಡುವುದಕ್ಕೂ ಒಂದು ಚರಿತ್ರೆಯೆ ಎಂದು ವಾಚಕರು ನಗಬಹುದು. ಇದೆ, ಅದು ಮನೆಯಲ್ಲಿ ಆರಂಭವಾಗಲಿಲ್ಲ, ಅಷ್ಟೆ.

1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲಪಿತು. ನಮ್ಮಲ್ಲಿ ಆ ಭಾಗ್ಯ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳದು; ಬೆಂಗಳೂರು 1981ರವರೆಗೆ ಕಾಯಬೇಕಾಯಿತು! ಹಳ್ಳಿಗೊಂದು ಪೆಟ್ಟಿಗೆ, ಅದರ ಮುಂದೆ ಊರೆಲ್ಲ. ಬೇಸಾಯ, ಆರೋಗ್ಯಗಳ ಪಾಠವೇ ಹೆಚ್ಚು. ಜನರ ಅಭಿಪ್ರಾಯವನ್ನು ಬರೆದುಕೊಳ್ಳಲು ಸಂಶೋಧಕರು ಕೆಲವು ಹಳ್ಳಿಗಳಲ್ಲೇ ಬಿಡಾರ ಹೂಡಿದ್ದರು.

ಪೆಟ್ಟಿಗೆ ಪಡಸಾಲೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಬೆನ್ನಿಗೇ ವೀಡಿಯೊ ಕ್ಯಾಸೆಟ್ಟು. ಕನ್ನಡ, ತೆಲುಗು, ದಖ್ಖನಿ ಮೂರೂ ಕಿವಿಗೆ ಬೀಳುವ ಈ ಗಡಿಸೀಮೆಯಲ್ಲಿ ‘ಪಿಚ್ಚರ್ ಚಲೋ ಅದ, ನೋಡ್ರಿ’ ಎಂಬ ನೆರೆಮನೆಯ ಮಾತಿಗೆ ಪತ್ರಿಕೆಯ ವಿಮರ್ಶೆಗಿಂತ ಬೆಲೆ ಹೆಚ್ಚು. (ವಿಮರ್ಶಕರು ಮುನಿಯಬಾರದು.) ಟೆಂಟಿಗೆ ಹೋಗಲು ಮನೆಯವರ ಒಪ್ಪಿಗೆಯಿಲ್ಲದಿದ್ದ ಹೆಂಗಸರೂ ಈಗ ಚಿತ್ರದ ಗುಣದೋಷ ಹೇಳುವವರಾದರು. ಉಪಗ್ರಹಕ್ಕಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ. ಬೇಸಾಯದ ಪಾಠ ಕೇಳಿ ಜನ ಆಡಿದ ಮಾತು ದಾಖಲೆ ಸೇರಿತು. ಅತ್ತೆ ಸೊಸೆಗೆ, ‘ಆ ಪಿಚ್ಚರ್ ನೋಡವ್ವಾ’ ಎಂದದ್ದನ್ನು ಯಾರೂ ಬರೆದುಕೊಂಡಂತಿಲ್ಲ.